ಹತ್ತೊಂಬತ್ತನೇ ಸೀಟು

ಇಷ್ಟೆಲ್ಲ ಆದದ್ದು ಒಂದು ಸೀಟಿನ ದೆಸೆಯಿಂದ. ವಿಮಾನದ ಕಟ್ಟಕಡೆಗೆ, ಸಾಮಾನು ತುಂಬುವ ಜಾಗದ ಪರದೆಗೆ ಬೆನ್ನು ಕೊಟ್ಟು ಕೂತಿದ್ದ ಸೀಟು ಅದು. ಹಿಂದಕ್ಕೆ ಬಾಗುವುದಿಲ್ಲ, ಕಿಟಕಿ ಅರ್ಧವೇ ಕಾಣುತ್ತದೆ, ಕಾಲು ಚಾಚಿದರೆ ಮುಂದಿನವರ ಬೆನ್ನಿಗೆ ತಾಗುತ್ತದೆ. ಬೇರೆ ದಿನ ಅಲ್ಲಿ ಕೂರಿ ಎಂದರೆ ಜನ ಕಹಿ ಔಷಧಿ ಕುಡಿದವರ ಹಾಗೆ ಮುಖ ಮಾಡುತ್ತಿದ್ದರು. ಅವತ್ತು ಮಾತ್ರ ಅದಕ್ಕೆ ಬಂದ ಬೇಡಿಕೆ ಮಂತ್ರಿಯ ಕುರ್ಚಿಗೂ ಬಂದಿರಲಿಕ್ಕಿಲ್ಲ.

ಆ ಸೀಟು ನಿಜವಾಗಿ ಬೇಕಾಗಿದ್ದದ್ದು ತಕ್ಕಡಿಗೆ.

ತಕ್ಕಡಿ ಎಂದರೆ ಮನುಷ್ಯ. ಕೆಲಸದಿಂದ ಅಂಟಿಕೊಂಡ ಹೆಸರು. ದೊಡ್ಡ ವಿಮಾನಗಳಲ್ಲಿ ಪೆಟ್ಟಿಗೆಗಳನ್ನಷ್ಟೇ ತೂಗುತ್ತಾರೆ. ಹತ್ತೊಂಬತ್ತು ಸೀಟಿನ ಸಣ್ಣ ವಿಮಾನದಲ್ಲಿ ಮನುಷ್ಯರನ್ನೂ ತೂಗಬೇಕು. ದಪ್ಪನೆಯವರೆಲ್ಲ ಹಿಂದೆ ಕೂತರೆ ವಿಮಾನದ ಮೂಗು ಮೇಲೇಳುತ್ತದೆ, ಒಟ್ಟು ತೂಕ ಜಾಸ್ತಿಯಾದರೆ ನೆಲವನ್ನೇ ಬಿಡುವುದಿಲ್ಲ. ಹಾಗಾಗಿ ಒಬ್ಬೊಬ್ಬರನ್ನೇ ಯಂತ್ರದ ಮೇಲೆ ನಿಲ್ಲಿಸಿ, ತೂಕವನ್ನು ಹಾಳೆಯಲ್ಲಿ ಬರೆದು, ಯಾರು ಎಲ್ಲಿ ಕೂರಬೇಕೆಂದು ಹೇಳುವುದು ಅವನ ಕೆಲಸ. ಆ ಹಾಳೆಗೆ ಲೋಡ್ ಶೀಟ್ ಎನ್ನುತ್ತಾರೆ. ಅದಕ್ಕೆ ಅವನ ಸಹಿ ಬೀಳದೆ ಕ್ಯಾಪ್ಟನ್ ಇಂಜಿನ್ ಹಚ್ಚುತ್ತಿರಲಿಲ್ಲ.

ಅವನಿಗೆ ಯಂತ್ರ ಬೇಕೂ ಇರಲಿಲ್ಲ ಎನ್ನಿ. ಬಾಗಿಲಲ್ಲಿ ಕಾಲಿಟ್ಟವರನ್ನು ನೋಡಿಯೇ ಎಪ್ಪತ್ತೆರಡು, ಅರವತ್ತು, ನೂರಾ ನಾಲ್ಕು ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದ. ಒಂದು ಕಿಲೋ ಆಚೀಚೆ ಆಗುತ್ತಿರಲಿಲ್ಲ. ಇದು ಅಪ್ಪನಿಂದ ಬಂದ ವಿದ್ಯೆ. ಅವನಪ್ಪ ಗೋದಾಮಿನಲ್ಲಿ ಮೂಟೆ ಹೊರುತ್ತಿದ್ದವರು. ಬೀರುವಿನಂಥ ಆಳು, ತೊಂಬತ್ತು ಕಿಲೋ. ನೂರು ಕಿಲೋ ಮೂಟೆಯನ್ನು ಬೆನ್ನಿಗೇರಿಸಿಕೊಂಡು, 'ಇದರಲ್ಲಿ ಎರಡು ಕಿಲೋ ಕಮ್ಮಿ ಇದೆ' ಎಂದು ವ್ಯಾಪಾರಿಯ ಮುಖಕ್ಕೇ ಹೇಳುವಂಥವರು.

ಇನ್ನು ಯಜಮಾನರು. ಮೊದಲು ಬಸ್ಸು ಓಡಿಸುತ್ತಿದ್ದವರು, ಮೂರು ವರ್ಷದ ಹಿಂದೆ ಒಂದು ವಿಮಾನ ತಂದು ಕಂಪನಿ ಶುರುಮಾಡಿದರು. ಆದರೂ ನಾಲಿಗೆ ಬಸ್ಸಿನದೇ. ವಿಮಾನ ತಡವಾದರೆ "ಗಾಡಿ ಯಾಕೆ ಇನ್ನೂ ಬಿಟ್ಟಿಲ್ಲ?" ಎಂದು ಕೂಗುತ್ತಿದ್ದರು. ವಿಮಾನದ ಬಾಗಿಲು ಹಾಕಿದ ಮೇಲೆ ಹೊರಗಿನಿಂದ ಅದರ ಹೊಟ್ಟೆಗೆ ಎರಡು ಸಲ ತಟ್ಟದಿದ್ದರೆ ಅವರಿಗೆ ಸಮಾಧಾನವಿಲ್ಲ.

ಈಗ ಎರಡನೇ ವಿಮಾನ ಬಂದಿತ್ತು. ಹೊಸ ದಾರಿ ಬೇರೆ, ಬೆಟ್ಟದ ಮೇಲಿನ ತಕ್ಕಡಿಯ ಸ್ವಂತ ಊರಿಗೆ. ಬಸ್ಸಿನಲ್ಲಿ ಬೆಟ್ಟ ಸುತ್ತಿ ಹೋದರೆ ಹನ್ನೊಂದು ಗಂಟೆ, ವಿಮಾನದಲ್ಲಿ ಒಂದು ಗಂಟೆ ಹತ್ತು ನಿಮಿಷ. ಉದ್ಘಾಟನೆಗೆ ಯಜಮಾನರು ಒಂದು ಯೋಚನೆ ಮಾಡಿದ್ದರು. ಹೊಸ ವಿಮಾನವನ್ನು ಹಿಂದಿನ ದಿನವೇ ಖಾಲಿ ಕಳಿಸಿ ಬೆಟ್ಟದ ಮೇಲೆ ನಿಲ್ಲಿಸಿದ್ದರು. ಬೆಳಿಗ್ಗೆ ಸರಿಯಾಗಿ ಹನ್ನೊಂದಕ್ಕೆ ಅದು ಅಲ್ಲಿಂದ, ಹಳೆಯದು ಇಲ್ಲಿಂದ ಹೊರಡಬೇಕು. ಎರಡೂ ಆಕಾಶದಲ್ಲಿ ಎದುರಾಗಬೇಕು.

"ನನ್ನ ಎರಡು ಬಸ್ಸು ದಾರೀಲಿ ಎದುರಾದ್ರೆ ಡ್ರೈವರ್‌ಗಳು ಹಾರ್ನ್ ಹೊಡ್ದು ಕೈ ಎತ್ತೋರು ಕಣ್ರೋ," ಎಂದು ಅವರು ಕಣ್ಣಲ್ಲಿ ನೀರು ತಂದುಕೊಂಡಿದ್ದರು. "ಒಂದೇ ವಿಮಾನ ಇಟ್ಕೊಂಡು ಆ ಸಂತೋಷ ಎಲ್ಲಿ ಬರ್ಬೇಕು ಹೇಳಿ."

ಬೆಳಿಗ್ಗೆ ಏಳಕ್ಕೆ ತಕ್ಕಡಿಗೆ ಊರಿನಿಂದ ಅಕ್ಕನ ಫೋನ್ ಬಂತು.

"ಲೋ, ಅಪ್ಪಂಗೆ ಉಸಿರಾಟಾನೇ ಸರಿ ಇಲ್ಲ ಕಣೋ. ಆಸ್ಪತ್ರೇಲಿದೀವಿ. ಇವತ್ತೊಂದು ದಿನ ಕಳೀಲಿ ಆಮೇಲೆ ಹೇಳ್ತೀನಿ ಅಂತಾರೆ ಡಾಕ್ಟ್ರು. ಕಣ್ಣು ಬಿಟ್ಟಾಗೆಲ್ಲ ನಿನ್ನೇ ಕೇಳ್ತಿದಾರೆ."

"ಇಲ್ಲಿಗೆ ಕರ್ಕೊಂಡು ಬಂದ್ಬಿಡಿ ಅಕ್ಕಾ. ಇಲ್ಲಿ ದೊಡ್ಡ ಆಸ್ಪತ್ರೆ ಇದೆ."

"ಅಲುಗಾಡಿಸ್ಲೇಬಾರ್ದಂತೆ. ನೀನೇ ಬಾ. ಒಂದೂವರೆ ವರ್ಷ ಆಯ್ತು ನೀನು ಬಂದು. ನಿಮ್ದೇ ವಿಮಾನ ಇವತ್ತು ಬರುತ್ತಂತಲ್ಲ, ಹತ್ತಿ ಬಾರೋ."

ಒಂದೂವರೆ ವರ್ಷ ಆದದ್ದು ನಿಜ. ಕಂಪನಿಯಲ್ಲಿ ತೂಕ ಹಾಕುವವನು ಇವನೊಬ್ಬನೇ. ರಜೆ ಕೇಳಿದಾಗಲೆಲ್ಲ ಯಜಮಾನರು, "ಹೋಗು, ಬೇಡ ಅಂದವ್ರ್ಯಾರು? ಜನಾನ ನಿನ್ನ ಬದಲು ನಾನು ಎತ್ತಿ ನೋಡ್ಲಾ?" ಎನ್ನುತ್ತಿದ್ದರು.

ಕಂಪನಿಯ ನಿಯಮದಂತೆ ಸೀಟು ಖಾಲಿ ಉಳಿದರೆ ಕೆಲಸದವರು ಬಿಟ್ಟಿಯಾಗಿ ಹೋಗಬಹುದು. ಟಿಕೆಟ್ ಕೊಡುವ ಕೌಂಟರ್ ಮೇಡಂ ಪಟ್ಟಿ ನೋಡಿ, "ಅತಿಥಿಗಳು ಹದಿನೆಂಟೇ ಜನ. ಹತ್ತೊಂಬತ್ತನೇದು ನಿಂದು. ಹೋಗ್ಬಾ, ನಿಮ್ಮಪ್ಪಂಗೆ ಏನೂ ಆಗಲ್ಲ," ಎಂದು ಪೆನ್ಸಿಲ್ಲಿನಲ್ಲಿ ಬರೆದುಕೊಂಡರು. ಪೆನ್ಸಿಲ್ಲಿನಲ್ಲಿ ಬರೆದದ್ದೇ ಎಡವಟ್ಟಾಯಿತು.

ಎಂಟಕ್ಕೆ ಯಜಮಾನರು ಬಂದವರೇ ಎಲ್ಲರ ಫೋನು ಕಿತ್ತುಕೊಂಡರು. ಮೊದಲ ವಿಮಾನದ ಉದ್ಘಾಟನೆಯಲ್ಲಿ ಮುಖ್ಯ ಅತಿಥಿ ಗದ್ಗದರಾಗಿ ಮಾತಾಡುತ್ತಿದ್ದಾಗ ಯಾರದೋ ಜೇಬಿನಲ್ಲಿ ಕುಣಿಯುವ ಹಾಡು ಹೊಡೆದುಕೊಂಡು ಮಾನ ಹೋಗಿತ್ತಂತೆ. ಹದಿನಾಲ್ಕು ಫೋನುಗಳನ್ನು ಮೆಕ್ಯಾನಿಕ್ಕಿನ ಕಬ್ಬಿಣದ ಪೆಟ್ಟಿಗೆಯೊಳಗೆ ತುಂಬಿ, ಬೀಗ ಜಡಿದು, ಕೀಲಿಕೈಯನ್ನು ಜೇಬಿಗಿಳಿಸಿದರು. ಎಲ್ಲರೂ ಸ್ಪ್ಯಾನರ್ ಮಾಮ ಎಂದು ಕರೆಯುತ್ತಿದ್ದ ಆ ಮೆಕ್ಯಾನಿಕ್, "ಸಾರ್, ನನ್ನ ಸ್ಪ್ಯಾನರ್‌ಗಳೂ ಅದರಲ್ಲೇ ಇವೆ," ಎಂದ.

"ಕೈಯಲ್ಲೇ ತಿರುಗ್ಸು," ಎಂದರು ಯಜಮಾನರು.

ಒಂಬತ್ತಕ್ಕೆ ಯಜಮಾನರ ಬೀಗಿತ್ತಿ, ಅಂದರೆ ಮಗಳ ಅತ್ತೆ, ಕಾರಿನಿಂದ ಇಳಿದರು. ಇಳಿಯುವುದು ಮುಗಿಯುವ ಹೊತ್ತಿಗೆ ಕಾರು ನಾಲ್ಕು ಬೆರಳು ಮೇಲೆದ್ದಿತ್ತು. ಹಿಂದೆಯೇ ಅವರ ತಂಗಿಯೂ ಇಳಿದರು. ಅವರ ಹೆಸರು ಪಟ್ಟಿಯಲ್ಲಿ ಇರಲಿಲ್ಲ.

"ಇವಳೂ ಬರ್ತಾಳೆ ಅಣ್ಣಾವ್ರೇ. ಒಬ್ಳೇ ಮನೇಲಿ ಏನ್ಮಾಡ್ತಾಳೆ?"

ಬೀಗಿತ್ತಿಗೆ ಇಲ್ಲ ಎನ್ನುವ ಗಂಡಸು ಇನ್ನೂ ಹುಟ್ಟಬೇಕು. ಮೇಡಂ ತಕ್ಕಡಿಯ ಮುಖ ನೋಡದೆ ರಬ್ಬರ್ ತೆಗೆದುಕೊಂಡರು.

ಆದರೆ ಮೇಡಂ ಅಷ್ಟಕ್ಕೇ ಸುಮ್ಮನಾಗುವ ಹೆಂಗಸಲ್ಲ. ಸೀದಾ ಯಜಮಾನರ ಕೋಣೆಗೆ ಹೋಗಿ ಅದೇನು ಹೇಳಿದರೋ, ಐದು ನಿಮಿಷದಲ್ಲಿ ಯಜಮಾನರು ಕನ್ನಡಕ ಒರೆಸಿಕೊಳ್ಳುತ್ತ ಹೊರಗೆ ಬಂದು ಎಲ್ಲರೆದುರು ತಕ್ಕಡಿಯನ್ನು ತಬ್ಬಿಕೊಂಡುಬಿಟ್ಟರು.

"ಸಮಾಧಾನ ಮಾಡ್ಕೋ ಮಗನೇ. ನನ್ನಪ್ಪ ಹೋದಾಗ್ಲೂ ನಾನು ಡ್ಯೂಟಿ ಮೇಲೇ ಇದ್ದೆ. ಪತ್ರಿಕೆಯವ್ರಿಗೆ ಇಟ್ಟಿರೋ ಸೀಟು ನಿಂಗೆ. ಹೋಗು, ಕೊನೇ ಕೆಲಸ ಮುಗಿಸ್ಕೊಂಡು ಬಾ."

ಕೆಲಸದವರೆಲ್ಲ ತಲೆ ತಗ್ಗಿಸಿ ನಿಂತರು. ಸ್ಪ್ಯಾನರ್ ಮಾಮ ಟೋಪಿ ತೆಗೆದ. ಬೀಗಿತ್ತಿ ಎದೆಯ ಮೇಲೆ ಕೈಯಿಟ್ಟುಕೊಂಡರು. ಇಷ್ಟಕ್ಕೆ ಸುಮ್ಮನೆ ಇದ್ದಿದ್ದರೆ ಈ ಕತೆ ಇಲ್ಲಿಗೆ ಮುಗಿಯುತ್ತಿತ್ತು. ಆದರೆ ಜೀವಮಾನದಲ್ಲಿ ಒಂದು ಕಿಲೋ ಸುಳ್ಳು ಬರೆಯದ ಪ್ರಾಣಿ ಅದು.

"ಸಾರ್... ಅಪ್ಪ ಇನ್ನೂ ಇದಾರೆ."

ಬೆನ್ನು ಸವರುತ್ತಿದ್ದ ಯಜಮಾನರ ಕೈ ಅಲ್ಲೇ ನಿಂತಿತು. "ಇದಾರಾ?"

"ಇದಾರೆ ಸಾರ್. ತುಂಬ ಸೀರಿಯಸ್ ಅಷ್ಟೆ."

"ಮತ್ತೆ ಹೋಗ್ಬಿಟ್ರು ಅಂದ್ರಲ್ಲ?"

ಮೇಡಂ ಕೌಂಟರಿನ ಕೆಳಗೆ ಬಗ್ಗಿ, ಬೀಳದೇ ಇದ್ದ ಏನನ್ನೋ ಹುಡುಕತೊಡಗಿದರು.

"ಇದಾರೆ ಅಂದ್ಮೇಲೆ ಇಷ್ಟ್ಯಾಕೆ ಅವಸರ? ನಾಳೆ ಹೋದ್ರಾಯ್ತು. ನಾಳೆ ಬೇಕಾದಷ್ಟು ಸೀಟಿದೆ," ಎಂದು ಯಜಮಾನರು ತಬ್ಬಿದ್ದನ್ನು ವಾಪಸು ತೆಗೆದುಕೊಂಡರು.

ಅವರು ಆಚೆ ಹೋದದ್ದೇ ತಡ, ಮೇಡಂ ಮೇಲೆದ್ದರು. "ಒಂದು ದಿನದ ಮಟ್ಟಿಗೆ ಸುಳ್ಳು ಹೇಳಿದ್ರೆ ನಿಮ್ಮಪ್ಪ ಬಂದು ಜಗಳ ಆಡ್ತಿದ್ರೇನೋ?"

"ಇಂಥವ್ರನ್ನ ವಿಮಾನದಲ್ಲಿ ಕೂರಿಸ್ಬಾರ್ದು ಮೇಡಂ," ಎಂದ ಸ್ಪ್ಯಾನರ್ ಮಾಮ ಟೋಪಿ ಹಾಕಿಕೊಳ್ಳುತ್ತ. "ಗಾಜಿನ ಪೆಟ್ಟಿಗೇಲಿಟ್ಟು ಬಾಗಿಲಲ್ಲಿ ನಿಲ್ಲಿಸ್ಬೇಕು."

ಬದುಕಿರುವ ಅಪ್ಪನನ್ನು ಸತ್ತರು ಎಂದು ಹೇಳಿ ಸೀಟು ಗಿಟ್ಟಿಸಲು ತಕ್ಕಡಿಗೆ ಬಾಯಿ ಬರಲಿಲ್ಲ, ಅಷ್ಟೆ. ಹಾಗೆ ಹೇಳಿದರೆ ಎಲ್ಲಿ ನಿಜವಾಗಿಬಿಡುತ್ತದೋ ಎಂಬ ಭಯವೂ ಇತ್ತು.

ಹತ್ತೂ ಇಪ್ಪತ್ತಕ್ಕೆ ಕೌಂಟರಿನ ದೊಡ್ಡ ಫೋನು ಬಡಿದುಕೊಂಡಿತು. ಬೆಟ್ಟದ ಊರಿನ ಏಜೆಂಟ್. ನಿನ್ನೆಯವರೆಗೆ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದವನು, ಇವತ್ತಿನಿಂದ ಅಲ್ಲಿನ ವಿಮಾನ ನಿಲ್ದಾಣಕ್ಕೆಲ್ಲ ಅವನೇ. ಹೊಸಬನಾದ್ದರಿಂದ ಅಲ್ಲಿಂದ ಹೊರಡುವ ವಿಮಾನದ ತೂಕದ ಲೆಕ್ಕವನ್ನೂ ತಕ್ಕಡಿಯೇ ಫೋನಿನಲ್ಲಿ ಹಾಕಿಕೊಡಬೇಕಾಗಿತ್ತು.

"ಎಷ್ಟು ಜನ?"

"ಹನ್ನೊಂದೇ ಜನ ಸಾರ್. ಮೊದ್ಲು ಒಂದ್ಸಲ ಜನ ತುಂಬ್ಕೊಂಡು ವಿಮಾನ ಸರಿಯಾಗಿ ಇಳೀಲಿ, ನೋಡಿ ಆಮೇಲೆ ಹತ್ತುತೀವಿ ಅಂತಾರೆ ನಮ್ಮೂರ ಜನ. ಇನ್ನೊಂದ್ ಸಾರ್, ಈಗ ತಾನೇ ಆಸ್ಪತ್ರೆಯಿಂದ ಒಂದು ಸ್ಟ್ರೆಚರ್ ಬಂದಿದೆ. ಪಾಪ, ಅಲ್ಲಿ ಉಸಿರಾಟದ ಮಶೀನು ಕೆಟ್ಟೋಯ್ತಂತೆ. ಜೊತೆಗೆ ಗಂಡ ಹೆಂಡ್ತಿ ಇಬ್ರು. ಅವ್ರು ನಿಮ್ಗೆ ಹೇಳಿ ಅಂದ್ರು, ಹೆಸ್ರು—"

"ಹೆಸ್ರು ಬೇಡ ಸ್ವಾಮಿ, ತೂಕ ಹೇಳಿ. ವಿಮಾನಕ್ಕೆ ಹೆಸ್ರು ಗೊತ್ತಾಗಲ್ಲ, ತೂಕ ಗೊತ್ತಾಗುತ್ತೆ."

ಹೊಸಬರಿಗೆಲ್ಲ ಅವನು ಹೇಳುತ್ತಿದ್ದ ಪಾಠ ಅದು. ಅವತ್ತು ತಲೆ ಬೇರೆ ಕೆಟ್ಟಿತ್ತು. ಎದುರಿಗೆ ಬ್ಯಾಂಡಿನವರು ಡೋಲು ಬಿಗಿಯುತ್ತಿದ್ದರು.

"ಅಲ್ಲಾ ಸಾರ್, ಅವ್ರು ನಿಮ್ಮ—"

"ತೂಕ ಹೇಳ್ರೀ! ಟೈಮಿಲ್ಲ."

"ಸ್ಟ್ರೆಚರ್ ಮೇಲಿನವ್ರು ನಲವತ್ತೆರಡು."

ತಕ್ಕಡಿ ಬರೆದುಕೊಂಡ. ಯಾರೋ ಪಾಪ, ಪೂರ್ತಿ ಕರಗಿಹೋಗಿದ್ದಾರೆ ಎನ್ನಿಸಿತು. ಮಧ್ಯದಲ್ಲಿ ಮಲಗಿಸಿ, ಅಲ್ಲಿ ಅಲುಗಾಟ ಕಮ್ಮಿ ಎಂದು ಹೇಳಿ, ಉಳಿದವರ ತೂಕವನ್ನೂ ಬರೆದುಕೊಂಡು, ಲೆಕ್ಕ ಸರಿಯಿದೆ ಎಂದು ಫೋನಿಟ್ಟ.

ಆಮೇಲೆ ಅತಿಥಿಗಳ ತೂಕ ಶುರುವಾಯಿತು. ಪತ್ರಿಕೆಯವರು ಅರವತ್ತಾರು. ಗುತ್ತಿಗೆದಾರರು ತೊಂಬತ್ತೆಂಟು. ಒಂದು ವಿಷಯ ಹೇಳಬೇಕು: ತೂಕವನ್ನು ಗಟ್ಟಿಯಾಗಿ ಕೂಗಿ ಹೇಳುವುದು, ಅತ್ತ ಕೌಂಟರಿನಲ್ಲಿ ಮೇಡಂ ಇನ್ನೊಂದು ಪ್ರತಿಯಲ್ಲಿ ಬರೆದುಕೊಳ್ಳುವುದು ಅವರ ಪದ್ಧತಿ. ಭಾಷಣಕ್ಕೆಂದು ತಂದ ಮೈಕನ್ನು ಅವತ್ತು ತೂಕದ ಯಂತ್ರದ ಪಕ್ಕದಲ್ಲೇ ನಿಲ್ಲಿಸಿದ್ದರು. ಅದು ಚಾಲೂ ಇದೆಯೆಂದು ಯಾರಿಗೂ ಗೊತ್ತಿರಲಿಲ್ಲ.

ಬೀಗಿತ್ತಿಯ ಸರದಿ ಬಂತು. ಅವರು ಯಂತ್ರದಿಂದ ಮೂರಡಿ ದೂರವೇ ನಿಂತರು.

"ಐವತ್ತೈದು ಅಂತ ಬರ್ಕೊಳಪ್ಪ."

"ಅಮ್ಮಾ, ಒಂದ್ಸಲ ಮೇಲೆ ನಿಂತ್ಕೊಳಿ. ಎರಡೇ ನಿಮಿಷ."

"ನಾನೇನು ಈರುಳ್ಳಿ ಮೂಟೇನಾ?"

ಯಜಮಾನರು ಓಡಿ ಬಂದರು. "ಅಮ್ಮಾವ್ರು ಹೇಳ್ತಿಲ್ವೇನಯ್ಯ? ಐವತ್ತೈದು ಅಂತ ಬರಿ."

"ಸಾರ್, ಇವ್ರು ನಿಮ್ಮ ಬೀಗ್ರು ಅಂತ ವಿಮಾನಕ್ಕೆ ಗೊತ್ತಾಗಲ್ಲ."

"ಯಂತ್ರದ ಮೇಲೆ ನಿಲ್ಲಲ್ಲ ಅಂತಿದಾರಲ್ಲ, ಮತ್ತೆ ಹ್ಯಾಗೆ ಬರೀತೀಯಪ್ಪ?"

"ನೋಡಿದ್ರೇ ಗೊತ್ತಾಗುತ್ತೆ ಸಾರ್," ಎಂದವನೇ ತಕ್ಕಡಿ ಅಭ್ಯಾಸಬಲದಿಂದ ಕೌಂಟರಿನತ್ತ ತಿರುಗಿ ಕೂಗಿದ: "ಎಂಬತ್ತನಾಲ್ಕು!"

ಮೈಕು ಆ ಎಂಬತ್ತನಾಲ್ಕನ್ನು ಎತ್ತಿಕೊಂಡು ಹೊರಗಿನ ಶಾಮಿಯಾನಕ್ಕೆ ಎಸೆಯಿತು. ಅಲ್ಲಿ ಕೂತಿದ್ದ ಇನ್ನೂರು ಜನ ಕಾರ್ಯಕ್ರಮ ಶುರುವಾಯಿತೆಂದು ತಿಳಿದು ಚಪ್ಪಾಳೆ ತಟ್ಟಿದರು. ಬ್ಯಾಂಡಿನವರು ಡೋಲು ಬಾರಿಸಿಯೇಬಿಟ್ಟರು.

ಬೀಗಿತ್ತಿಯ ಮುಖ ಒಲೆಯ ಮೇಲಿಟ್ಟ ಹಂಚಿನ ಹಾಗಾಯಿತು. "ನಡಿಯೇ," ಎಂದು ತಂಗಿಯ ಕೈ ಹಿಡಿದೆಳೆದರು. "ಈ ವಿಮಾನದಲ್ಲಿ ಹೋಗೋದಕ್ಕಿಂತ ನಡ್ಕೊಂಡು ಹೋಗೋದು ವಾಸಿ." ಹಾಗೆಂದವರು ನಡೆದದ್ದು ಪಕ್ಕದ ಸೋಫಾದವರೆಗೆ. ಅಲ್ಲಿ ಕೂತು ಗೋಡೆಯ ಕಡೆ ಮುಖ ತಿರುಗಿಸಿಕೊಂಡರು.

ಯಜಮಾನರು ಬಾಯಿ ತೆರೆದರು, ಮುಚ್ಚಿದರು. ಮತ್ತೆ ತೆರೆದಾಗ ಮೈಕು ಅದನ್ನೂ ಹೊರಗೆ ಕಳಿಸಿತು.

"ಊರಿಗೆ ಹೋಗ್ಬೇಕು ಅಂತ ಬೆಳಗ್ಗಿಂದ ಸಾಯ್ತಿದ್ಯಲ್ಲ, ಹೋಗು! ಹತ್ತು, ಅದೇ ಹತ್ತೊಂಬತ್ತನೇ ಸೀಟಲ್ಲಿ ಬಿದ್ದಿರು! ಮತ್ತೆ ನಿನ್ನ ಮುಖ ಇಲ್ಲಿ ತೋರಿಸ್ಬೇಡ! ಇವತ್ತಿಂದ ನಿಂಗೆ ಕೆಲಸ ಇಲ್ಲ!"

"ಥ್ಯಾಂಕ್ಯೂ ಸಾರ್," ಎಂದ ತಕ್ಕಡಿ.

ಕೆಲಸ ಕಳೆದುಕೊಂಡವನು ಅಷ್ಟು ಮನಸಾರೆ ಥ್ಯಾಂಕ್ಯೂ ಹೇಳಿದ್ದನ್ನು ಯಜಮಾನರು ಬಸ್ಸಿನ ಕಾಲದಿಂದ ಇಲ್ಲಿಯವರೆಗೆ ಕಂಡಿರಲಿಲ್ಲ. ಇನ್ನೂ ವಿಚಿತ್ರವೆಂದರೆ, ಕೆಲಸ ಹೋದ ಮೇಲೂ ಅವನು ನಿಂತು ಶೀಟನ್ನು ಪೂರ್ತಿ ಮಾಡಿದ. ತಾನೇ ಯಂತ್ರದ ಮೇಲೆ ನಿಂತು ಅರವತ್ತೆಂಟು ಎಂದು ಬರೆದು, ಸಹಿ ಹಾಕಿ, ಕ್ಯಾಪ್ಟನ್ನರ ಕೈಗೆ ಕೊಟ್ಟ. ಫೋನು ಬೇಕಿತ್ತು. ಆದರೆ ಕೀಲಿಕೈ ಯಜಮಾನರ ಜೇಬಿನಲ್ಲಿ, ಯಜಮಾನರು ಕತ್ತರಿ ಹಿಡಿದು ರಿಬ್ಬನ್ನಿನ ಮುಂದೆ. ಇರಲಿ, ಇನ್ನೊಂದು ಗಂಟೆಗೆ ಅಪ್ಪನ ಎದುರಿಗೇ ಇರುತ್ತೇನಲ್ಲ ಎಂದುಕೊಂಡು ಹತ್ತಿ ಕೂತ.

ಮೂರು ವರ್ಷದಿಂದ ಸಾವಿರಾರು ಜನರನ್ನು ತೂಗಿ ಆಕಾಶಕ್ಕೆ ಕಳಿಸಿದ್ದ. ಅವನು ಹಾರಿದ್ದು ಅವತ್ತೇ ಮೊದಲು. ಅರ್ಧ ಕಿಟಕಿಯಲ್ಲಿ ಬೆಟ್ಟದ ಬೆನ್ನು ಕಾಣಿಸಿತು. ಅಪ್ಪನಿಗೆ ಏನು ಹೇಳಬೇಕೆಂದು ಯೋಚಿಸಿದ. ಕೆಲಸ ಹೋಯಿತು ಎಂದು ಹೇಳಬಾರದು. ಎರಡನೇ ವಿಮಾನ ಬಂತು, ಕಂಪನಿ ಬೆಳೆಯಿತು, ಇನ್ನು ವಾರವಾರ ಬಂದು ನೋಡುತ್ತೇನೆ ಎನ್ನಬೇಕು. ಅವರ ಕೈ ಹಿಡಿದುಕೊಳ್ಳಬೇಕು. ಮೂಟೆಯ ಹಗ್ಗ ಎಳೆದೆಳೆದು ಮರದ ತುಂಡಿನಂತಾಗಿದ್ದ ಕೈ.

ಅರ್ಧ ದಾರಿಯಲ್ಲಿ ಕ್ಯಾಪ್ಟನ್ನರ ದನಿ ಕೇಳಿಸಿತು. "ಎಲ್ಲರೂ ಎಡಗಡೆ ನೋಡಿ. ನಮ್ಮ ಕಂಪನಿಯ ಎರಡನೇ ವಿಮಾನ ಎದುರಿಗೆ ಬರ್ತಾ ಇದೆ."

ಅಕ್ಕಿಕಾಳಿನಷ್ಟಿದ್ದದ್ದು ಪಾರಿವಾಳದಷ್ಟಾಯಿತು. ಬಿಸಿಲಿನಲ್ಲಿ ಒಂದು ಸಲ ಫಳ್ಳನೆ ಹೊಳೆಯಿತು. ಗುತ್ತಿಗೆದಾರರು ಎದ್ದು ನಿಂತು ಕೂಗಿದರು, ಎಲ್ಲರೂ ಚಪ್ಪಾಳೆ ತಟ್ಟಿದರು. ತಕ್ಕಡಿಯೂ ಅರ್ಧ ಕಿಟಕಿಗೆ ಕೆನ್ನೆ ಒತ್ತಿ, ಕೈ ನೋಯುವಷ್ಟು ಚಪ್ಪಾಳೆ ತಟ್ಟಿದ. ತಾನು ಹಾಕಿಕೊಟ್ಟ ಲೆಕ್ಕದ ಮೇಲೆ ಹಾರುತ್ತಿರುವ ವಿಮಾನ! ಕೈಯನ್ನೂ ಬೀಸಿದ. ಅದು ಹಿಂದೆ ಸರಿದು ಮೋಡದೊಳಗೆ ಹೋಯಿತು.

ಬೆಟ್ಟದ ಮೇಲೆ ಇಳಿದಾಗ ಬೇಲಿಯ ಸುತ್ತ ಇಡೀ ಊರೇ ನೆರೆದಿತ್ತು. ವಿಮಾನ ಮುರಿಯದೆ ಇಳಿದದ್ದನ್ನು ನೋಡಿದ್ದೇ ತಡ, ಜನ ಟಿಕೆಟ್ಟಿಗೆ ಮುಗಿಬಿದ್ದರು. ಆ ನೂಕುನುಗ್ಗಲಿನಿಂದ ಕನ್ನಡಕ ಸೊಟ್ಟಗಾದ ಒಬ್ಬ ಈಚೆ ಬಂದು ತಕ್ಕಡಿಯ ಅಂಗಿಯ ಮೇಲಿನ ಬಿಲ್ಲೆ ಓದಿದ.

"ಅಯ್ಯೋ! ತಕ್ಕಡಿ ಸಾರ್ ಅಂದ್ರೆ ನೀವೇನಾ? ನೀವ್ಯಾಕೆ ಬಂದ್ರಿ?"

"ನೀವು ಏಜೆಂಟಾ? ನಮ್ಮಪ್ಪಂಗೆ ಹುಷಾರಿಲ್ಲ. ಆಸ್ಪತ್ರೆಗೆ ಹೋಗ್ಬೇಕು, ಆಟೋ ಎಲ್ಲಿ ಸಿಗುತ್ತೆ?"

ಏಜೆಂಟ್ ಕನ್ನಡಕ ಸರಿಮಾಡಿಕೊಂಡ. "ಸಾರ್... ನಿಮ್ಮಪ್ಪನ್ನ ನಾನೇ ಹತ್ತಿಸಿ ಕಳಿಸ್ದೆನಲ್ಲ. ಹನ್ನೊಂದು ಗಂಟೆಗೆ."

"ಯಾರನ್ನ?"

"ಸ್ಟ್ರೆಚರ್ ಸಾರ್. ಮಶೀನು ಕೆಟ್ಟೋದ್ಮೇಲೆ ಡಾಕ್ಟ್ರೇ, ಇನ್ನು ಇಲ್ಲಿಟ್ಕೊಂಡ್ರೆ ಉಳಿಯಲ್ಲ, ಬೇಗ ವಿಮಾನಕ್ಕೆ ಹಾಕಿ ಅಂದ್ರಂತೆ. ನಿಮ್ಮಕ್ಕ ನಿಮ್ಗೆ ಇಪ್ಪತ್ತು ಸಲ ಫೋನ್ ಮಾಡಿದ್ರು. ಎತ್ಲಿಲ್ಲ. ಅಲ್ಲಿ ತಮ್ಮ ಇದಾನೆ, ಎಲ್ಲಾ ನೋಡ್ಕೋತಾನೆ ಅಂತ ಧೈರ್ಯವಾಗಿ ಹೊರಟ್ರು."

"ಇಲ್ಲ, ಅದು ನಲವತ್ತೆರಡು," ಎಂದ ತಕ್ಕಡಿ. "ನಮ್ಮಪ್ಪ ತೊಂಬತ್ತು."

ಏಜೆಂಟ್ ಜೇಬಿನಿಂದ ಚೀಟಿ ತೆಗೆದು ತೋರಿಸಿದ. ಅದರಲ್ಲಿ ಹೆಸರಿತ್ತು. "ಕಂಬಳಿ ಸೇರಿ ಸಾರ್," ಎಂದ ಮೆಲ್ಲಗೆ. "ಕಂಬಳಿ ಸೇರಿ ನಲವತ್ತೆರಡು. ನಾನು ಹೇಳಕ್ಕೆ ಬಂದೆ. ನೀವೇ ಬೇಡ ಅಂದ್ರಿ."

ತಕ್ಕಡಿ ಚೀಟಿ ಇಸಿದುಕೊಂಡು ಇನ್ನೊಂದು ಸಲ ಓದಿದ. ಆಮೇಲೆ ಏಜೆಂಟನ ಫೋನು ಕಸಿದುಕೊಂಡು ಅಕ್ಕನಿಗೆ ಮಾಡಿದ. ಸ್ವಿಚ್ ಆಫ್. ಕೌಂಟರಿನ ದೊಡ್ಡ ಫೋನಿಗೆ ಮಾಡಿದ.

ಮೇಡಂ ಎತ್ತಿಕೊಂಡರು. ದನಿ ಒಡೆದಿತ್ತು. "ಎಲ್ಲೋ ಇದ್ದೀಯ ಪಾಪಿ! ನಿಮ್ಮಪ್ಪ ಇಲ್ಲಿದಾರೆ ಕಣೋ. ನಮ್ಮ ಸೋಫಾ ಮೇಲೇ ಮಲಗ್ಸಿದೀವಿ. ಆಂಬುಲೆನ್ಸು ಶಾಮಿಯಾನದ ಜನದ ಮಧ್ಯೆ ಸಿಕ್ಕೊಂಡಿದೆ. ಬೀಗಿತ್ತಮ್ಮ ತಮ್ಮ ಕಾರು ತರಿಸ್ತಿದಾರೆ. ಅವ್ರೇ ತೊಡೆ ಮೇಲೆ ತಲೆ ಇಟ್ಕೊಂಡು ಗಾಳಿ ಬೀಸ್ತಿದಾರೆ. ಯಜಮಾನ್ರು ಕಾಲು ಒತ್ತುತಿದಾರೆ. ಎಲ್ರೂ ಇದೀವಿ. ನೀನೊಬ್ನೇ ಇಲ್ಲ."

"ಅಪ್ಪಂಗೆ ಕೊಡಿ ಮೇಡಂ."

ಫೋನಿನ ತಂತಿ ಸಾಲದೆ ಅಲ್ಲಿ ಎಳೆದಾಡುವ ಸದ್ದು ಕೇಳಿಸಿತು. ಸೋಫಾವನ್ನೇ ಈಚೆ ತಳ್ಳಿದರೆಂದು ಕಾಣುತ್ತದೆ. ಆಮೇಲೆ ಉಸಿರು. ಹರಿದ ಚೀಲದಿಂದ ಕಾಳು ಸುರಿದಂತೆ, ಬಿಟ್ಟು ಬಿಟ್ಟು.

"ಅಪ್ಪಾ."

"ಡ್ಯೂಟಿ ಟೈಮಲ್ಲಿ... ಎಲ್ಲಿ ತಿರುಗ್ತಿದ್ದೀಯೋ?"

"ಇಲ್ಲೇ ಅಪ್ಪಾ. ಬಂದೆ. ಈಗ ಬಂದೆ."

"ಕೆಲಸ ಬಿಟ್ಟು... ಹೋಗ್ಬಾರ್ದಪ್ಪ."

ಅಷ್ಟರಲ್ಲಿ ಕಾರು ಬಂತು ಎಂದು ಯಾರೋ ಕೂಗಿದರು. ಫೋನು ಕೆಳಗೆ ಬಿತ್ತು.

ತಾನು ಬಂದ ವಿಮಾನ ಇನ್ನು ಇಪ್ಪತ್ತು ನಿಮಿಷಕ್ಕೆ ವಾಪಸು ಹೊರಡುವುದಿತ್ತು. ತಕ್ಕಡಿ ಓಡಿದ. ಎದುರಿಗೆ ಏಜೆಂಟ್ ಹಾಳೆ ಹಿಡಿದು ಬೆವರುತ್ತಿದ್ದ.

"ಸಾರ್, ನಿಮ್ಮನ್ನ ಕೆಲಸದಿಂದ ತೆಗ್ದಿದಾರೆ ಅಂತ ಕ್ಯಾಪ್ಟನ್ ಹೇಳಿದ್ರು. ಬೇಜಾರು ಮಾಡ್ಕೋಬೇಡಿ. ಇದೊಂದು ಶೀಟು ಮಾಡ್ಕೊಟ್ಬಿಡಿ. ನಂಗೆ ತಲೆಬು‌ಡ ಗೊತ್ತಾಗ್ತಿಲ್ಲ."

ಅತಿಥಿಗಳು ಅಲ್ಲೇ ಉಳಿಯುವವರಾದ್ದರಿಂದ ಊರಿನ ಹದಿನೆಂಟು ಜನ ಟಿಕೆಟ್ ಕೊಂಡಿದ್ದರು. ಒಂದು ಸೀಟು ಖಾಲಿ. ಅದೇ, ಹಿಂದಿನದು, ಯಾರೂ ಒಪ್ಪದೆ ಉಳಿದದ್ದು. ತಕ್ಕಡಿ ಹಾಳೆ ಕಿತ್ತುಕೊಂಡ. ಸಾಲಾಗಿ ನಿಂತವರನ್ನು ಬರಿಗಣ್ಣಿನಲ್ಲೇ ತೂಗುತ್ತ ಬರೆದ. ಎಪ್ಪತ್ತೊಂದು, ಐವತ್ತೆಂಟು, ತುಂಬು ಗರ್ಭಿಣಿ ಎಪ್ಪತ್ತೊಂಬತ್ತು, ಅವಳ ಗಂಡ ಅರವತ್ತು. ಕೂಡಿದ. ಇನ್ನೊಂದು ಸಲ ಕೂಡಿದ. ಬೆಟ್ಟದ ಮೇಲೆ, ಅದೂ ನಡುಮಧ್ಯಾಹ್ನದ ಸೆಕೆಯಲ್ಲಿ ಗಾಳಿ ತೆಳು, ಕೆಳಗಿನ ಊರಿನಲ್ಲಿ ಎತ್ತುವಷ್ಟು ಭಾರವನ್ನು ವಿಮಾನ ಇಲ್ಲಿ ಎತ್ತಲಾರದು. ಸಾಮಾನೆಲ್ಲ ಇಳಿಸಿದರೂ ಮೂವತ್ತು ಕಿಲೋಗೆ ಮಾತ್ರ ಜಾಗ ಉಳಿಯಿತು.

ಗರ್ಭಿಣಿಯ ಗಂಡನ ಹತ್ತಿರ ಹೋದ. ಅವಳ ಹೊಟ್ಟೆ ನೋಡಿ ವಾಪಸು ಬಂದ. ಸೀಟು ಬಿಟ್ಟುಕೊಡುತ್ತೀರಾ ಎಂದು ಉಳಿದವರನ್ನು ಕೇಳಿದ. ಒಬ್ಬನಿಗೆ ಕೋರ್ಟು, ಒಬ್ಬಳಿಗೆ ಪರೀಕ್ಷೆ. ಒಬ್ಬ ಮುದುಕ, "ಬೆಳಿಗ್ಗೆಯಿಂದ ನಿಂತಿದೀನಪ್ಪ, ನಾಳೆ ನಾನಿರ್ತೀನೋ ಇಲ್ವೋ," ಎಂದುಬಿಟ್ಟ.

ಕ್ಯಾಪ್ಟನ್ ಅವನನ್ನು ರೆಕ್ಕೆಯ ನೆರಳಿಗೆ ಕರೆದರು. "ನಿನ್ನ ತೂಕ ಎಷ್ಟಯ್ಯ?"

"ಅರವತ್ತೆಂಟು."

"ಮೂವತ್ತು ಅಂತ ಬರ್ಕೋ. ಯಾರೋ ಮಗು ಅನ್ಕೋತೀನಿ. ನಾನು ನಿನ್ನ ಶೀಟು ಇವತ್ತಿನವರೆಗೂ ತಿರುಗಿ ಕೂಡಿ ನೋಡಿಲ್ಲ. ಇವತ್ತೂ ನೋಡಲ್ಲ."

ತಕ್ಕಡಿ ಪೆನ್ನು ಹಿಡಿದು ನಿಂತ. ರನ್‌ವೇಯ ಆ ತುದಿ ಇಲ್ಲಿಗೇ ಕಾಣುತ್ತಿತ್ತು. ಅದರಾಚೆ ನೆಲ ಇರಲಿಲ್ಲ, ಬರೀ ಕಣಿವೆ. ಮೆಟ್ಟಿಲ ಮೇಲೆ ಗರ್ಭಿಣಿ ಒಂದು ಕೈಯಲ್ಲಿ ಗಂಡನನ್ನು, ಇನ್ನೊಂದು ಕೈಯಲ್ಲಿ ಹೊಟ್ಟೆಯನ್ನು ಹಿಡಿದುಕೊಂಡು, ನಗುತ್ತ ಹತ್ತುತ್ತಿದ್ದಳು.

ಹತ್ತೊಂಬತ್ತನೇ ಸೀಟಿನ ಮುಂದೆ ಅಡ್ಡಗೆರೆ ಎಳೆದು, ಸಹಿ ಹಾಕಿ ಕೊಟ್ಟ.

ವಿಮಾನ ಹೋಯಿತು. ತುದಿಯವರೆಗೂ ಓಡಿ, ಬೇಕೋ ಬೇಡವೋ ಎನ್ನುವಂತೆ ಮೇಲೆದ್ದಿತು.

ಸುತ್ತು ಬಸ್ಸು ಐದಕ್ಕೆ ವಿಮಾನ ನಿಲ್ದಾಣದ ಎದುರಿನಿಂದಲೇ ಹೊರಡುತ್ತದೆ ಎಂದು ಏಜೆಂಟ್ ಹೇಳಿದ. ಮುಂದಿನ ವಿಮಾನ ನಾಳೆಯೇ. ತಕ್ಕಡಿ ಬೇಲಿಯ ಪಕ್ಕದ ಕಲ್ಲುಬೆಂಚಿನ ಮೇಲೆ ಕೂತ. ಏಜೆಂಟ್ ತನ್ನ ಫೋನನ್ನು ಅವನ ಪಕ್ಕದಲ್ಲಿಟ್ಟು, ಚಹಾ ತಂದಿಟ್ಟು ಒಳಗೆ ಹೋದ. ಚಹಾ ಆರಿತು.

ನಾಲ್ಕಕ್ಕೆ ಫೋನು ಬಂತು. ಯಜಮಾನರು. ಆ ದನಿಯಲ್ಲಿ ಅವರು ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ.

"ಮಗನೇ... ನೀನು ಬಸ್ಸು ಹತ್ಬೇಡ. ಅಲ್ಲೇ ಇರು."

ತಕ್ಕಡಿ ಬೆಂಚಿನಿಂದ ಎದ್ದು ನಿಂತ.

"ನಿಮ್ಮಕ್ಕ ಭಾವ ನಮ್ಮನೇಲೇ ಇದಾರೆ. ಬೀಗಿತ್ತಮ್ಮನೂ ಜೊತೇಲಿದಾರೆ. ಬೆಳಿಗ್ಗೆ ಒಂಬತ್ತಕ್ಕೆ ಹೊಸ ವಿಮಾನದಲ್ಲಿ ಅಪ್ಪನ್ನ ನಾವೇ ಕರ್ಕೊಂಡು ಬರ್ತೀವಿ. ಬೇರೆ ಯಾರನ್ನೂ ಹತ್ತಿಸಲ್ಲ. ನಾನೂ ಬರ್ತೀನಿ." ಫೋನಿಡುವ ಮೊದಲು ಅವರೇ ಮತ್ತೆ ಹೇಳಿದರು. "ಕೆಲಸದ್ದೇನೂ ಮನಸ್ಸಿಗೆ ಹಚ್ಕೋಬೇಡ. ನಿನ್ನ ಕೆಲಸ ನಿಂದೇ."

"ಆಯ್ತು ಸಾರ್," ಎಂದ ತಕ್ಕಡಿ.

ಐದಕ್ಕೆ ಬಸ್ಸು ಬಂತು, ಹಾರ್ನ್ ಹೊಡೆಯಿತು, ಹೋಯಿತು. ವಿಮಾನ ನೋಡಲೆಂದು ಹೆಗಲ ಮೇಲೆ ಮೊಮ್ಮಗಳನ್ನು ಕೂರಿಸಿಕೊಂಡು ಬಂದ ಅಜ್ಜನೊಬ್ಬ ಖಾಲಿ ಮೈದಾನ ಕಂಡು ಬೆಂಚಿನ ಹತ್ತಿರ ಬಂದ.

"ವಿಮಾನ ಹೊರಟೋಯ್ತೇನಪ್ಪ?"

"ಹೋಯ್ತು ಅಜ್ಜ. ಇನ್ನು ನಾಳೆ ಬೆಳಿಗ್ಗೆ ಒಂಬತ್ತಕ್ಕೆ."

"ನೀನೂ ನೋಡಕ್ಕೇ ಬಂದ್ಯಾ?"

"ಇಲ್ಲ. ಅಪ್ಪ ಬರ್ತಾರೆ."

"ವಿಮಾನದಲ್ಲಾ?" ಅಜ್ಜನ ಕಣ್ಣು ದೊಡ್ಡದಾಯಿತು. "ಮೊದಲನೇ ಸಲಾನಾ ಅವ್ರು ಹತ್ತೋದು?"

"ಇಲ್ಲ ಅಜ್ಜ, ಎರಡನೇ ಸಲ."

"ಭಾಗ್ಯವಂತರು ಬಿಡಪ್ಪ," ಎಂದ ಅಜ್ಜ, ಮೊಮ್ಮಗಳನ್ನು ಹೆಗಲಿನಿಂದ ಇಳಿಸಿ ತಕ್ಕಡಿಯ ಪಕ್ಕದಲ್ಲಿ ಕೂರಿಸುತ್ತ. "ಇಂಥ ಮಗನ್ನ ಪಡೆಯೋಕೂ ಪುಣ್ಯ ಮಾಡಿರ್ಬೇಕು."